ಮಾವನವರ ಕಾರಿನ ಹಾರ್ನು

ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನೂ ಇಲ್ಲ.

ತೀರಿಕೊಂಡ ಮಾವನವರ ಕಾರು ನಮ್ಮ ಪಾಲಿಗೆ ಬಂದಾಗ ಅದು ಮೂರು ಲಕ್ಷ ಕಿಲೋಮೀಟರ್ ಓಡಿ ಹಣ್ಣಾಗಿತ್ತು. ಬದುಕಿರುವತನಕ ಅವರು ಅದರ ಸ್ಟೀರಿಂಗ್ ಮುಟ್ಟಲೂ ನನ್ನನ್ನು ಬಿಟ್ಟವರಲ್ಲ. ಈಗ ದಿನಾ ಬೆಳಿಗ್ಗೆ ನಾನು ಕೂರುವ ಮೊದಲೇ ಡ್ರೈವರ್ ಸೀಟು ಬೆಚ್ಚಗಿರುತ್ತಿತ್ತು, ಯಾರೋ ಆಗಷ್ಟೇ ಎದ್ದು ಹೋದ ಹಾಗೆ. ನಾವು ಕಾರು ನಿಲ್ಲಿಸುವ ಕಡೆ ಬಿಸಿಲೇ ಬೀಳುವುದಿಲ್ಲ.

"ಎಂಜಿನ್ ಬಿಚ್ಚಬೇಕು ಸಾರ್. ಆ ಖರ್ಚಿಗೆ ಬೇರೆ ಕಾರೇ ಬರುತ್ತೆ," ಎಂದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ನೋಡಿದ ಮೆಕ್ಯಾನಿಕ್.

"ಹಾಗಾದ್ರೆ ಮಾರಿಬಿಡೋಣ," ಎಂದೆ.

ಕಾರು ತನ್ನಷ್ಟಕ್ಕೆ ತಾನೇ ಎರಡು ಸಲ ಹಾರ್ನ್ ಹೊಡೆಯಿತು. ಗೇಟು ತೆಗೆಯುವುದು ತಡವಾದರೆ ಮಾವ ಸಿಡುಕಿನಿಂದ ಹೊಡೆಯುತ್ತಿದ್ದದ್ದು ಥೇಟ್ ಹಾಗೆಯೇ.

"ವೈರ್ ಶಾರ್ಟ್ ಆಗಿರ್ಬೇಕು," ಎಂದು ಮೆಕ್ಯಾನಿಕ್ ಹಾರ್ನನ್ನೇ ಬಿಚ್ಚಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

ಮನೆಗೆ ಬಂದು ಪೊಟ್ಟಣವನ್ನು ಊಟದ ಮೇಜಿನ ಮೇಲಿಟ್ಟು ಹೆಂಡತಿಗೆ ಹೇಳಿದೆ: "ನೋಡೇ, ಆ ಕಾರನ್ನ ಗುಜರಿಗೆ ಹಾಕೋದೇ ವಾಸಿ."

ಕೆಳಗೆ ನಿಂತಿದ್ದ ಕಾರಿನಿಂದ ಎರಡು ಸಲ ಹಾರ್ನ್ ಕೇಳಿಸಿತು.

ಗಡಬಡಿಸಿ ಪೊಟ್ಟಣ ಬಿಚ್ಚಿದೆ. ಹಾರ್ನ್ ಅದರೊಳಗೇ ಇತ್ತು. ಹೆಂಡತಿ ಮಾತ್ರ ಒದ್ದೆ ಕೈ ಒರೆಸಿಕೊಳ್ಳುತ್ತಾ ಕಿಟಕಿಗೆ ಹೋಗಿ ಕೂಗಿದಳು:

"ಅಪ್ಪಾ, ರಿಪೇರಿನೇ ಮಾಡಿಸ್ತಾರಂತೆ, ಸುಮ್ನಿರಿ! ಅಕ್ಕಪಕ್ಕದವ್ರು ಏನಂದ್ಕೋತಾರೆ?"

ಕೆಳಗೆ ಸದ್ದಡಗಿತು.

ರಿಪೇರಿಯನ್ನೇ ಮಾಡಿಸಿದೆ. ಕಾರು ಈಗ ಚೆನ್ನಾಗಿ ಓಡುತ್ತಿದೆ. ಬಿಚ್ಚಿದ ಹಾರ್ನ್ ಇನ್ನೂ ನಮ್ಮ ಫ್ರಿಜ್ಜಿನ ಮೇಲೇ ಇದೆ. ಹಾಕಿಸುವ ಅಗತ್ಯ ಇದುವರೆಗೆ ಬಿದ್ದಿಲ್ಲ.