ಕಿಚನರ್ ಸಾಹೇಬನ ಬೆರಳು

ಇದನ್ನು ಬರೆಯಲು ಕೂತದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕಾಂಚನಾ ಹೇಳಿದ್ದನ್ನೂ ಅವಳ ಮನೆಯೊಡತಿ ದಿಲಶಾದಬಿ ಕಂಡದ್ದನ್ನೂ ಜೋಡಿಸಿದ್ದೇನೆ. ಜೋಡಿಸುವಾಗ ಹೆಚ್ಚು ಕಡಿಮೆಯಾಗಿದ್ದರೆ ತಪ್ಪು ನನ್ನದು, ಅವರದ್ದಲ್ಲ. ಕಾಂಚನಾಳ ಗಂಡ ಸುಭಾಸನ ಬಗ್ಗೆ ಮರ್ಯಾದೆಯಿಂದ ಬರೆಯಬೇಕೆಂದು ಪ್ರಯತ್ನಪಟ್ಟೆ. ಆಗಲಿಲ್ಲ.

“ಅಳಿಯಾರ, ಆ ಕೈಗೆ ಬಟ್ಟ ಹಚ್ಚಬ್ಯಾಡ್ರಿ” ಎಂದಳು ಕಸ್ತೂರೆವ್ವ.

ಅದು ಡಂಬಳದ ಅವಳ ಮನೆ. ಬಸುರಿ ಮೊಮ್ಮಗಳು ಕಾಂಚನಾಳ ಕುಬುಸದ ದಿನ. ಕೊಪ್ಪರಿಗೆ ಇಳಿಸಿಕೊಡಲು ಅಟ್ಟ ಹತ್ತಿದ್ದ ಸುಭಾಸ ಕಂಬಳಿಯಲ್ಲಿ ಸುತ್ತಿದ್ದ ಒಂದು ಚೌಕಟ್ಟನ್ನೂ ಇಳಿಸಿಕೊಂಡು ಬಂದಿದ್ದ. ಕಂಬಳಿ ಬಿಚ್ಚಿದಾಗ ಒಣ ಬೇವಿನ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ, ಮುಚ್ಚಿಟ್ಟ ಹಸಿ ಗಾಯದ್ದು. ಒಳಗೆ ಹಳದಿಗಟ್ಟಿದ ಚಿತ್ರ. ದಪ್ಪ ಮೀಸೆ, ದಂಡಿನ ಟೊಪ್ಪಿಗೆ, ನೋಡುವವನ ಎದೆಗೇ ನೆಟ್ಟ ಕಣ್ಣು. ಮೊದಲನೇ ಮಹಾಯುದ್ಧದಲ್ಲಿ ಜನರನ್ನು ಸೈನ್ಯಕ್ಕೆ ಕರೆಯಲು ಅಚ್ಚು ಹಾಕಿಸಿದ್ದ ಇಂಗ್ಲಿಷ್ ದಂಡನಾಯಕ ಕಿಚನರನ ಚಿತ್ರ. ತೋರುಬೆರಳು ಚಾಚಿ ‘ನೀನೇ ಬೇಕು’ ಎನ್ನುವ ಭಂಗಿ. ಆದರೆ ಇಲ್ಲಿ ಬೆರಳೇ, ಕಸ್ತೂರೆವ್ವ ಹೇಳಿದ ಆ ‘ಬಟ್ಟ’ವೇ, ಇರಲಿಲ್ಲ. ಆ ಜಾಗದಲ್ಲಿ ಕಾಗದ ತೂತಾಗಿತ್ತು. ತೂತಿನ ಅಂಚಿನಲ್ಲಿ ಹಲ್ಲಿನ ಗುರುತು.

“ನಮ್ಮ ಮನಿಯವರ ಆಯಿ ನೀಲವ್ವನ ಹಲ್ಲವು. ಇದನ್ನ ಚಾವಡಿ ಗ್ವಾಡಿಗೆ ಅಂಟಿಸಿದ್ರಂತ. ಆಕಿ ಇಬ್ರು ಮಕ್ಕಳು ಇದರ ಮುಂದ ನಿಂತು, ಹೆಸರು ಕೊಟ್ಟು ಹೋದ್ರು. ಹೋದವ್ರು ಹೋದ್ರ. ಆಕಿ ಹಮ್ಮಿಗಿ ಹೊಳಿ ದಂಡಿಗೆ ಹೋಗಿ ಮಾಟ ಮಾಡಿಸಿದ್ಲು. ಮಂದಿ ಮಕ್ಕಳನ್ನ ಬಟ್ಟ ಮಾಡಿ ಕರದಾವನ ಮನ್ಯಾಗಿನ ಮಿಡಿ ಕೊಳೀಲಿ ಅಂತ.”

ಸುಭಾಸ ಮೊಬೈಲ್ ತೆಗೆದು ನೋಡಿ ನಕ್ಕ. “ಆಯಿ, ನಿಮ್ಮ ಸಾಹೇಬ ಸತ್ತದ್ದು ಹಡಗ ಮುಳುಗಿ. ಮಾಟಕ್ಕಲ್ಲ.”

“ಹೌದೇನ್ರಿ. ಮಕ್ಕಳಿದ್ವೇನು ಅಂವಗ?”

ಅವನು ಮತ್ತೆ ನೋಡಿದ. “ಇಲ್ಲ. ಮದವಿನೇ ಆಗಿದ್ದಿಲ್ಲ.”

“ಅದಕ್ಕ ಅಂವಗ ಹತ್ತಲಿಲ್ಲ. ಚಿತ್ರ ಅಂಟಿಸಿದ ಓಲೇಕಾರನ ಸೊಸಿಗೆ ಹತ್ತಿತು. ಬಸರಿ ಹೆಣಮಗಳು. ಆಕಿ ಒದರೂದು ಕೇಳಲಾರದ ನೀಲವ್ವ ಓಡಿಹೋಗಿ ಈ ಬಟ್ಟ ಕಚ್ಚಿ ಕಿತ್ತಿದ್ಲು. ಬಟ್ಟ ಇಲ್ಲದ ಕೈ ಏನೂ ಮಾಡೂದಿಲ್ಲ. ಹಚ್ಚಿದ್ರ, ಹಚ್ಚಿದಾವನ ಬಟ್ಟಿಗೆ ಬರತೈತಿ.”

“ಬಂದ್ರ?”

“ಮಿಡಿಗಾಯಿಗೆ ಬಟ್ಟ ಮಾಡಿದ್ರ ಏನ ಮಾಡ್ತೀವಿ? ಕಚ್ಚಿಕೋತೀವಲ್ಲ. ಅದ.”

ಈ ಕಡೆ ಕುಂಬಳದ ಮಿಡಿಗೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ, ತೋರಿಸಿದರೆ ಮಿಡಿ ಕೊಳೆಯುತ್ತದೆ. ಮರೆತು ತೋರಿಸಿದವರು ಕೂಡಲೇ ಆ ಬೆರಳನ್ನು ಕಚ್ಚಿಕೊಳ್ಳುತ್ತಾರೆ. ಹುಬ್ಬಳ್ಳಿಯಲ್ಲಿ ಬೆಳೆದ ಸುಭಾಸನಿಗೆ ಇದು ಬಹಳ ಹೊತ್ತು ನಗುವ ವಿಷಯವಾಯಿತು. ಹೋಳಿಗೆ ತಿನ್ನುತ್ತ ಎಲ್ಲರ ಎಲೆಗೂ ಬೆರಳು ಮಾಡಿ ತೋರಿಸಿದ. ಕಾಂಚನಾಳ ಹೊಟ್ಟೆಗೂ ತೋರಿಸಿದ. ಯಾರೂ ನಗಲಿಲ್ಲ.

ಅವನು ಮುಂಡರಗಿಯಲ್ಲಿ ಹೊಸದಾಗಿ ಸೈನ್ಯ ಭರ್ತಿ ಅಕಾಡೆಮಿ ತೆರೆದಿದ್ದ. ಹೊಲದ ಹುಡುಗರನ್ನು ಬೆಳಗಾಗುವ ಮೊದಲೇ ಓಡಿಸುವುದು, ಸೀಟಿ ಊದುವುದು, ಬೈಯುವುದು. ಹಸಿರು ಅಂಗಿ ತೊಟ್ಟು ‘ಮಾಜಿ ಸೈನಿಕರು’ ಎಂದು ಕರೆಸಿಕೊಳ್ಳುತ್ತಿದ್ದ. ತಾನು ಭರ್ತಿಗೆ ಹೋದಾಗ ಓಟದ ಅರ್ಧಕ್ಕೇ ಹೊಟ್ಟೆ ಹಿಡಿದುಕೊಂಡು ಕೂತದ್ದನ್ನು ಯಾರಿಗೂ ಹೇಳಿರಲಿಲ್ಲ.

ಚೌಕಟ್ಟು ಅಟ್ಟಕ್ಕೆ ಮರಳಿತು. ಅದರ ಫೋಟೋ ಅವನ ಮೊಬೈಲಿನಲ್ಲಿ ಉಳಿಯಿತು. ಗದಗಿನ ಫ್ಲೆಕ್ಸ್ ಅಂಗಡಿಯಲ್ಲಿ ಸಾಹೇಬನ ಮುಖದ ಜಾಗಕ್ಕೆ ತನ್ನ ಮುಖ ಕೂರಿಸಿಕೊಂಡ. ತೂತಾದ ಜಾಗಕ್ಕೆ ಅಲ್ಲೇ ತನ್ನ ತೋರುಬೆರಳಿನ ಫೋಟೋ ತೆಗೆಸಿ ಅಂಟಿಸಿಕೊಂಡ. ಕೆಳಗೆ ದೊಡ್ಡ ಅಕ್ಷರ: ದೇಶಕ್ಕೆ ನೀನೇ ಬೇಕು. ಫ್ಲೆಕ್ಸನ್ನು ಅಕಾಡೆಮಿಯ ತಗಡಿನ ಶೆಡ್ಡಿನ ಮೇಲೆ ಏರಿಸಿದರು. ರಸ್ತೆಯಾಚೆ ಎದುರಿಗೇ ದಿಲಶಾದಬಿಯ ಮನೆ. ಅದರ ಮಾಳಿಗೆಯ ಕೋಣೆಯಲ್ಲಿ ಸುಭಾಸ, ಕಾಂಚನಾ ಬಾಡಿಗೆಗಿದ್ದರು. ಮೆಟ್ಟಿಲ ಮಗ್ಗುಲಲ್ಲಿ ದಿಲಶಾದಬಿಯ ಕುಂಬಳ ಬಳ್ಳಿ.

ಮೊದಲು ಕೊಳೆತದ್ದು ಕುಂಬಳದ ಮಿಡಿಗಳು. ತುದಿ ಕಪ್ಪಾಗಿ, ಮುಟ್ಟಿದರೆ ಪಿಚಕ್ಕೆಂದು ಒಳಗಿನ ನೀರು ಸುರಿಯುತ್ತಿತ್ತು.

“ಬಾಳ ಛಂದ ಐತ್ರಿ ನಿಮ್ಮ ಫೋಟೋ” ಎಂದಳು ದಿಲಶಾದಬಿ, ಕೊಳೆತದ್ದನ್ನು ಬುಟ್ಟಿಗೆ ತುಂಬುತ್ತ. “ಖುದ್ದ ನೀವು ಗಿಡ್ಡ ಇದ್ರೂ ಅಲ್ಲಿ ಎತ್ತರ ಕಾಣ್ತೀರಿ. ಬಟ್ಟ ಒಂದೀಟು ಆ ಕಡಿ ಹೊಳ್ಳಸ್ರಿ. ನನ್ನ ಬಳ್ಳಿ ದಂಡಿಗೆ ಸೇರೂದಿಲ್ಲ.”

“ಫ್ಲೆಕ್ಸ್ ನೋಡಿ ಕುಂಬಳಕಾಯಿ ಅಂಜತಾವೇನ್ ಬೂಬು?”

“ನಿಮ್ಮ ಮನ್ಯಾಗೂ ಒಂದು ಮಿಡಿ ಐತಿ. ಖಬರ ಇರಲಿ.”

ಅವನು ಸೀಟಿ ಊದುತ್ತ ಹೋದ. ಆದರೆ ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬಲಗೈಯ ತೋರುಬೆರಳು ಮಡಚಲಿಲ್ಲ. ಉಳಿದ ಬೆರಳುಗಳಲ್ಲಿ ರೊಟ್ಟಿ ಮುರಿದ. ಆ ಒಂದು ಬೆರಳು ತಟ್ಟೆಯ ಮೇಲೆ ನೆಟ್ಟಗೆ ಚಾಚಿಕೊಂಡೇ ಇತ್ತು. ಡಾಕ್ಟರು ನರ ಹಿಡಿದಿದೆ ಎಂದು ಮುಲಾಮು ಬರೆದುಕೊಟ್ಟರು. ಮುಲಾಮಿನ ಘಾಟಿನ ಅಡಿಯಿಂದ ಕೊಳೆತ ಕುಂಬಳದ ವಾಸನೆ ಏಳತೊಡಗಿತು. ಅವನು ಬೆರಳಿಗೆ ಬಟ್ಟೆ ಸುತ್ತಿಕೊಂಡ, ಹುಡುಗರ ಮುಂದೆ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ಜೇಬಿನಲ್ಲೂ ಅದು ತಿರುಗುತ್ತಿತ್ತು. ಕಾಂಚನಾ ಒಲೆಯ ಹತ್ತಿರ ಹೋದರೆ ಒಲೆಯತ್ತ. ಕಿಟಕಿಗೆ ಬಂದರೆ ಕಿಟಕಿಯತ್ತ. ದಿಕ್ಸೂಚಿಯ ಮುಳ್ಳು ತಿರುಗಿದ ಹಾಗೆ, ಅವಸರವಿಲ್ಲದೆ, ಅವಳ ಹೊಟ್ಟೆಯ ಎತ್ತರಕ್ಕೆ.

“ಆ ಫ್ಲೆಕ್ಸ್ ಇಳಸ್ರಿ” ಎಂದಳು ಅವಳು.

“ಮಂದಿ ನಗತಾರ.”

“ಈಗೇನ್ ಅಳಾಕತ್ತಾರೇನು?”

ಅವನು ಇಳಿಸಲಿಲ್ಲ. ಹೊಸ ಹುಡುಗರು ಸೇರುತ್ತಿದ್ದರು. ತನ್ನ ಎತ್ತರದ ಮುಖವನ್ನು ಕೆಳಗಿನಿಂದ ನೋಡುವುದು ಅವನಿಗೆ ರೂಢಿಯಾಗಿತ್ತು.

ಒಂದು ಸಂಜೆ ಕಪ್ಪತಗುಡ್ಡದ ಕಡೆಯಿಂದ ಮೋಡ ಕವಿದು ದೀಪ ಹಚ್ಚುವ ಹೊತ್ತಿಗಿಂತ ಮೊದಲೇ ಕತ್ತಲಾಯಿತು. ಗಾಳಿ ಎದ್ದಿತು. ಕರೆಂಟು ಹೋಯಿತು. ರಸ್ತೆಯಾಚೆ ಫ್ಲೆಕ್ಸ್ ಫಟ್ ಫಟ್ ಎಂದು ಬಡಿದುಕೊಳ್ಳುತ್ತಿತ್ತು. ಕಾಂಚನಾ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು.

“ಮುಂಜಾನಿಂದ ಕೂಸು ಹೊಳ್ಳಿಲ್ಲ” ಎಂದಳು. ಆಮೇಲೆ ಮೆಲ್ಲಗೆ, “ಕೆಳಗ ಹಸಿ ಆಗಾಕತ್ತೈತಿ.”

ಕೋಣೆಯಲ್ಲಿ ಆ ವಾಸನೆ ತುಂಬಿತು. ಕೊಳೆತ ಕುಂಬಳ. ಹಸಿ ರಕ್ತ.

ಸುಭಾಸ ಓಡಿದ. ಮಳೆಯಲ್ಲಿ ಶೆಡ್ಡು ಹತ್ತಿದ, ಎಡಗೈಯಲ್ಲಿ ಕುಡಗೋಲು. ಫ್ಲೆಕ್ಸಿನ ಬೆರಳನ್ನು ಕೊಚ್ಚಿದ. ತುಂಡು ಗಾಳಿಯಲ್ಲಿ ಹಾರಿಹೋಯಿತು. ತೂತಿನಿಂದ ಗಾಳಿ ಊಳಿಟ್ಟಿತು. ಅವನು ತನ್ನ ಬಲಗೈ ನೋಡಿಕೊಂಡ. ಬಟ್ಟೆ ಬಿಚ್ಚಿಹೋಗಿತ್ತು. ಬೆರಳು ರಸ್ತೆಯಾಚೆಗೆ, ಮಾಳಿಗೆಯ ಕಿಟಕಿಗೆ ನೆಟ್ಟಿತ್ತು. ಇನ್ನೂ ಗಟ್ಟಿಯಾಗಿ.

ಬೆರಳು ಎಳೆಯಿತು. ಅವನು ಅದರ ಹಿಂದೆ ನಡೆದ. ಜಾರಿದ. ಎದ್ದ. ಮೆಟ್ಟಿಲು ಕಾಣಲಿಲ್ಲ. ಬೆರಳಿಗೆ ಕಾಣುತ್ತಿತ್ತು. ಕೆಳಗೆ ದಿಲಶಾದಬಿ ಆಟೋಕ್ಕೆ ಫೋನು ಮಾಡಿ ಕೂಗಾಡುತ್ತಿದ್ದಳು. ಮಳೆಗೆ ಯಾರೂ ಬರಲೊಲ್ಲರು.

ಬಾಗಿಲಲ್ಲಿ ಮಿಂಚು. ಕಾಂಚನಾ ಗೋಡೆಗೆ ಒರಗಿದ್ದಳು. ಬೆರಳು ಅವಳ ಹೊಟ್ಟೆಗೆ.

“ಕಚ್ಚಿಕೋರಿ” ಎಂದಳು.

ಅವನು ಬಾಯಿಗೆ ಒಯ್ದ. ಹಲ್ಲು ತಾಗಿತು. ಅಷ್ಟೇ. ಇರುವೆ ಕಚ್ಚಿದಷ್ಟು.

“ಇನ್ನಾ.”

“ನೋಯತೈತಿ” ಎಂದ ಸುಭಾಸ. ಮಂದಿಯ ಮಕ್ಕಳನ್ನು ಗುಂಡಿಗೆ ಎದೆ ಕೊಡಿ ಎಂದು ಕರೆಯುತ್ತಿದ್ದ ಸುಭಾಸ. “ಮುಂಜಾನಿ ದವಾಖಾನಿಗೆ ಹೋಗೂಣ.”

ಕಾಂಚನಾ ಅವನನ್ನು ನೋಡಿದಳು. ಮದುವೆಯಾದಾಗಿನಿಂದ ಒಮ್ಮೆಯೂ ಏಕವಚನದಲ್ಲಿ ಮಾತಾಡಿಸಿರಲಿಲ್ಲ.

“ಕೊಡು ಇಲ್ಲಿ ನಿನ್ನ ಕೈ. ಹೇಡಿ.”

ಅವಳೇ ಹಿಡಿದಳು. ಅವಳೇ ಬಾಯಿಗೆ ಒಯ್ದಳು. ಅವನು ಕಿರುಚಿದ. ಅವಳು ಬಿಡಲಿಲ್ಲ. ಕಹಿ. ಉಪ್ಪು. ಲೋಳೆ. ಫ್ಲೆಕ್ಸ್ ಬಡಿದುಕೊಂಡಿತು. ಅವಳು ದವಡೆ ಬಿಗಿದಳು. ಎಳೆ ಕುಂಬಳದ ತೊಟ್ಟು ಮುರಿದ ಹಾಗೆ ಲಟ್ಟೆಂದು ಮುರಿಯಿತು. ಉಗುಳಿದಳು.

ಕತ್ತಲಲ್ಲಿ ಏನೋ ನೆಲದ ಮೇಲೆ ಉರುಳಿತು.

ಆಗ ಹೊಟ್ಟೆಯೊಳಗಿಂದ ಕೂಸು ಒದೆಯಿತು. ಒಮ್ಮೆ. ಮತ್ತೊಮ್ಮೆ, ಜೋರಾಗಿ, ಬಾಗಿಲು ಬಡಿದಂತೆ.

ಕೂಸು ದಿನ ತುಂಬಿ ಹುಟ್ಟಿತು. ಹೆಣ್ಣು, ಅಂಕಿತಾ ಎಂದು ಹೆಸರಿಟ್ಟರು. ಹೆರಿಗೆಗೆ ಹೋದ ಕಾಂಚನಾ ಡಂಬಳದಲ್ಲೇ ಇದ್ದಾಳೆ, ಗಂಡನ ಕಡೆ ಹೋಗುವ ಮಾತೆತ್ತಿಲ್ಲ. ಸುಭಾಸ ಅಕಾಡೆಮಿಯನ್ನು ಲಕ್ಷ್ಮೇಶ್ವರಕ್ಕೆ ಸಾಗಿಸಿದ್ದಾನೆ. ಬೆರಳೆಲ್ಲಿ ಸರ್ ಎಂದು ಅಲ್ಲಿನ ಹುಡುಗರು ಕೇಳಿದರೆ, ಗಡಿಯಲ್ಲಿ ಹೋಯಿತು ಎನ್ನುತ್ತಾನಂತೆ. ಹುಡುಗರು ಸೆಲ್ಯೂಟ್ ಹೊಡೆಯುತ್ತಾರಂತೆ.

ಬಸುರಿನಲ್ಲಿ ಒಮ್ಮೊಮ್ಮೆ ಹಾಗೆ ರಕ್ತ ಕಾಣಿಸಿ ತಾನೇ ನಿಲ್ಲುವುದುಂಟು ಎಂದು ಡಾಕ್ಟರು ಹೇಳಿದರು. ಇದ್ದರೂ ಇರಬಹುದು. ಬೆರಳಿನ ತುಂಡನ್ನು ದಿಲಶಾದಬಿ ದೀಪ ಹಿಡಿದು ಕೋಣೆಯೆಲ್ಲ ಹುಡುಕಿದಳು, ಸಿಗಲಿಲ್ಲ. ಚಿತ್ರದ ಆ ತೂತು ಇನ್ನೂ ಹಾಗೇ ಇದೆಯೇ ಎಂದು ಡಂಬಳದ ಅಟ್ಟದ ಮೇಲಿನ ಚೌಕಟ್ಟನ್ನು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಬಂದಿಲ್ಲ, ನನಗೂ.

ಅಂಕಿತಾ ಈಗ ಅಂಬೆಗಾಲಿಡುತ್ತಾಳೆ. ಚಂದ್ರನಿಗೆ, ಕಾಗೆಗೆ ಮಕ್ಕಳು ಬೆರಳು ಮಾಡಿ ತೋರಿಸಲು ಕಲಿಯುವ ವಯಸ್ಸು. ನಾನು ಹೋದಾಗ ಕಾಂಚನಾ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ಬಲಗೈಯ ತೋರುಬೆರಳನ್ನು ತನ್ನ ತುಟಿಗಳ ನಡುವೆ ಹಿಡಿದೇ ನನ್ನೊಡನೆ ಮಾತಾಡಿದಳು. ಮಾಟ ಅವತ್ತು ಮುರಿಯಿತೋ, ಕೈ ಬದಲಿಸಿತೋ ಎಂದು ಕೇಳಿದಳು.

ನನಗೆ ಗೊತ್ತಿಲ್ಲ.