ಕಡವಿನಕೋಟೆಯ ಕ್ಷೇಮಶಂಖ

ಪಡುವಣ ಕಡಲಿಗೆ ಎದೆಗೊಟ್ಟು ನಿಂತ ಕಡವಿನಕೋಟೆಯ ಮೇಲೆ ಕಾರ್ತಿಕದ ಸಂಜೆಗೆಂಪು ಹರಡಿತ್ತು. ಅಳಿವೆಯ ತಿಳಿನೀರಿನಲ್ಲಿ ದೂರದೇಶದ ವರ್ತಕರ ಹಾಯಿಹಡಗುಗಳು ಮೆಣಸಿನ ಮೂಟೆಗಳ ಭಾರಕ್ಕೆ ಮೆಲ್ಲನೆ ತೂಗಾಡುತ್ತಿದ್ದವು. ಬಂದರಿನ ಬೀದಿಯಲ್ಲಿ ಹುರಿದ ಸಿಗಡಿಯ ವಾಸನೆಯೂ ಗಂಧದ ಕೊರಡಿನ ಪರಿಮಳವೂ ಒಂದರ ಕೊರಳಿಗೊಂದು ಬಿದ್ದು, ಯಾವುದು ಎಲ್ಲಿಂದ ಬಂತೆಂದು ತಿಳಿಯದಂತಾಗಿತ್ತು. ಅಷ್ಟು ದೊಡ್ಡ ನಗರದಲ್ಲಿ ಆ ಹೊತ್ತಿಗೆ ಮಾತ್ರ ಮಾತೆಂಬುದಿರಲಿಲ್ಲ. ತಕ್ಕಡಿ ಹಿಡಿದ ಕೈ ಹಾಗೆಯೇ ನಿಂತಿತ್ತು. ಅಳುವ ಕೂಸನ್ನು ತಾಯಿ ಸೆರಗಿನೊಳಗೆ ಎಳೆದುಕೊಂಡಿದ್ದಳು. ಅರಮನೆಯ ಉಪ್ಪರಿಗೆಯ ಮೇಲೆ ಮಾರದೇವರಸನು ತೆಂಕಣ ದಿಕ್ಕಿಗೆ ಕಿವಿಗೊಟ್ಟು ನಿಂತಿದ್ದನು.

ಬಂತು. ಬಹುದೂರದಿಂದ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ, ಒಂದು ಶಂಖದ ದನಿ. ಅದನ್ನು ಕೇಳಿ ಇತ್ತಣ ಊರಿನ ಇನ್ನೊಂದು. ಅದಕ್ಕೆ ಓಗೊಟ್ಟು ಮತ್ತೊಂದು. ಕಡೆಗೆ ಕೋಟೆಯ ತೆಂಕಣ ಗೋಪುರದ ನಾಯಕನಾದ ದೇರಣ್ಣನು ತನ್ನ ಬಲಮುರಿ ಶಂಖವನ್ನೆತ್ತಿ ಊದಿದಾಗ ನಗರವು ಒಮ್ಮೆಲೇ ಉಸಿರು ಬಿಟ್ಟಿತು. ದೀಪಗಳು ಹೊತ್ತಿದವು.

ಇದು ಕ್ಷೇಮಶಂಖ. ಅರಸನ ಅಜ್ಜನು ಮಾಡಿದ ಕಟ್ಟಳೆ. ದಂಡೆಯ ಕೊನೆಯ ಊರಾದ ಕೊನೆಯಳಿವೆಯಿಂದ ಹಿಡಿದು ಪ್ರತಿಯೊಂದು ಊರೂ, ಆಚೆಯ ಊರಿನ ದನಿ ಬರದಿದ್ದರೂ ತನ್ನ ಸರದಿಗೆ, ಸಂಜೆಗೆ ಶಂಖ ಮೊಳಗಿಸಬೇಕು. ಕಳವು, ಕೊಲೆ, ಕಡಲಗಳ್ಳರ ದಾಳಿ ಏನಾದರೂ ನಡೆದಿದ್ದರೆ ಊದಬಾರದು. ದನಿ ನಿಂತ ಊರಿಗೆ ಕುದುರೆಪಡೆ ಓಡುತ್ತಿತ್ತು. ಈ ಹಳೆಯ ಕಟ್ಟಳೆಗೆ ಪ್ರಧಾನಿ ಸೋವಿದೇವನು ಒಂದು ಹೊಸ ಬಾಲವನ್ನು ಕಟ್ಟಿದ್ದನು: ಪಡೆ ಹೋಗಿ ನೋಡಿದಾಗ ಊರಿನಲ್ಲಿ ಕಳ್ಳನು ಕೈಗೆ ಸಿಗದಿದ್ದರೆ, ಸುಳ್ಳು ಭಯ ಹಬ್ಬಿಸಿದ ತಪ್ಪಿಗೆ ಊರ ಮುಖ್ಯಸ್ಥನ ತಲೆ ಹೋಗಬೇಕು. ಆ ಬಾಲಕ್ಕೆ ಒಬ್ಬನ ತಲೆ ಹೋದಂದಿನಿಂದ ಒಂದು ಸಂಜೆಯೂ ಶಂಖ ತಪ್ಪಿರಲಿಲ್ಲ.

"ಕೇಳಿದಿರಾ ಪ್ರಧಾನಿಗಳೇ? ನಮ್ಮ ದಂಡೆಯಲ್ಲಿ ಒಂದು ಕೋಳಿಯೂ ಕಳವಾಗಿಲ್ಲ," ಎಂದನು ಅರಸ.

"ಪ್ರಭುಗಳ ಪುಣ್ಯ," ಎಂದು ಸೋವಿದೇವನು ತಲೆಬಾಗಿದನು.

ಮಳೆಗಾಲ ಕಳೆದ ಮೇಲೆ ಗೋಪುರದ ನಾಯಕನು ದಂಡೆಯುದ್ದಕ್ಕೂ ಹೋಗಿ ಶಂಖ ಊದುವವರಿಗೆ ಅರಸನ ತಾಂಬೂಲ ಕೊಟ್ಟು ಬರುವುದು ವಾಡಿಕೆ. ಹಿಂದಿನ ನಾಯಕರು ಎರಡು ಕಡವು ದಾಟಿ, ಕಾಲು ನೋವೆಂದು ತಾಂಬೂಲವನ್ನು ಅಂಬಿಗನ ಕೈಗಿತ್ತು ಮರಳಿಬಿಡುತ್ತಿದ್ದರು. ದೇರಣ್ಣನಿಗೆ ಆ ಹುದ್ದೆ ಹೊಸದು. ನಡೆಯುವುದರಲ್ಲಿ ಸುಖ ಕಾಣುವ ಆಸಾಮಿ. ಅವನು ಮರುದಿನವೇ ಹೊರಟು, ಹೊಳೆಗಳನ್ನು ದಾಟುತ್ತ, ಉಪ್ಪಿನ ಗದ್ದೆಗಳ ಬದುವಿನ ಮೇಲೆ ನಡೆಯುತ್ತ ಕೊನೆಯಳಿವೆಗೆ ಬಂದು ಮುಟ್ಟಿದನು.

ಊರೆಂದರೆ ಕರಿ ಹಿಡಿದ ಕಂಬಗಳು. ಬೂದಿಯೊಳಗೆ ಇನ್ನೂ ಹೊಗೆಯಾಡುತ್ತಿತ್ತು. ಒಡೆದ ದೋಣಿಯ ನೆರಳಿನಲ್ಲಿ ಹಣೆಗೆ ಬಟ್ಟೆ ಸುತ್ತಿಕೊಂಡ ಮುದುಕನೊಬ್ಬ ಕುಳಿತಿದ್ದ. ಊರ ಮುಖ್ಯಸ್ಥ ಕುಪ್ಪಣ್ಣನೇ ಅವನು.

"ಇದೇನಪ್ಪಾ ಇದು? ಯಾವಾಗ ಆಯಿತು?"

"ಮೊನ್ನೆ ಮಧ್ಯಾಹ್ನ ಒಡೆಯಾ. ಗಿಡುಗನ ನಡುಗಡ್ಡೆಯ ಕಳ್ಳರು. ಗಂಡಸರೆಲ್ಲ ಬಲೆಗೆ ಹೋಗಿದ್ರು. ಹೆಣ್ಣುಮಕ್ಕಳನ್ನ, ಹುಡುಗರನ್ನ ದೋಣಿಗೆ ತುಂಬ್ಕಂಡು ಹೋದ್ರು."

"ಮೊನ್ನೆ! ಮೊನ್ನೆ ಸಂಜೆ ನಿಮ್ಮೂರಿನ ಶಂಖ ಬಂತಲ್ಲ?"

ಕುಪ್ಪಣ್ಣ ಮರಳಿನಲ್ಲಿ ಬೆರಳಾಡಿಸಿದ. "ಊದಿದೆ ಒಡೆಯಾ. ಊದದಿದ್ರೆ ಪಡೆ ಬರ್ತದೆ. ಪಡೆ ಬರೂದರೊಳಗೆ ಕಳ್ಳರು ಕಡಲ ಮೇಲಿರ್ತಾರೆ. ಮುಂಚೆ ಪಕ್ಕದೂರಿನ ಈರಣ್ಣ ಸುಮ್ಮನಿದ್ದು ನೋಡ್ದ. ಅವನ ತಲೆ ಹೋಯ್ತು. ಕಳ್ಳರ ತಲೆ ಅಲ್ಲ, ಅವಂದು."

ಹಿಂದಿನಿಂದ ಹೆಂಗಸೊಬ್ಬಳು ಬಂದಳು. ದುಗ್ಗಮ್ಮನೆಂದು ಅವಳ ಹೆಸರು. ಮಗಳು ಸುಬ್ಬಿಯನ್ನು ಕಣ್ಣೆದುರೇ ಕಳ್ಳರು ಹೊತ್ತೊಯ್ದಿದ್ದರು. ದೇರಣ್ಣನ ಕೈಯಲ್ಲಿದ್ದ ತಾಂಬೂಲದ ತಟ್ಟೆಯನ್ನು ನೋಡಿ ಅವಳು ನಕ್ಕಳು.

"ಕೋಟೆಯವರಾ? ನಮ್ಮ ಶಂಖ ಕೇಳಿದ ಮೇಲೇ ನೀವು ದೀಪ ಹಚ್ಚೂದಂತಲ್ಲ? ಮೊನ್ನೆ ಚೆನ್ನಾಗಿ ಉರೀತಾ ಒಡೆಯಾ ನಿಮ್ಮ ದೀಪ? ಇಲ್ಲಿ ನಮ್ಮದೂ ಭಾರೀ ಚೆನ್ನಾಗಿ ಉರೀತು."

"ದುಗ್ಗೀ, ಬಾಯಿ ಮುಚ್ಚು," ಎಂದ ಕುಪ್ಪಣ್ಣ.

"ಮುಚ್ಚೇ ಇತ್ತಲ್ಲ ಇಷ್ಟು ದಿನ! ಊದೂಕೆ ಮಾತ್ರ ತೆರೆದದ್ದು." ಅವಳು ದೇರಣ್ಣನ ಹತ್ತಿರ ಬಂದಳು. ದನಿ ತಗ್ಗಿತು. "ಮೂಡಗಾಳಿ ಇನ್ನೂ ಎದ್ದಿಲ್ಲ. ಅದು ಏಳೂವರೆಗೂ, ಹಿಡಿದವರನ್ನ ಮಾರೂಕೆ ಒಯ್ಯೂ ಹಡಗು ಹೊರಡೂದಿಲ್ಲ. ನನ್ನ ಸುಬ್ಬಿ ಇನ್ನೂ ಆ ನಡುಗಡ್ಡೆಯಲ್ಲೇ ಇದ್ದಾಳೆ. ನಿಮ್ಮ ಅರಸನ ಹಡಗು ಸುಮ್ಮನೆ ನಿಂತಿದಾವಲ್ಲ ಒಡೆಯಾ, ಒಂದ್ಸಲ ಹೋಗಿ ಬರ್ಲಿ."

ದೇರಣ್ಣನು ತಾಂಬೂಲವನ್ನು ಯಾರಿಗೂ ಕೊಡದೆ ತಿರುಗಿದನು. ಬರುವ ದಾರಿಯಲ್ಲಿ ಊರೂರಿಗೂ ಇಳಿದು ಕೇಳಿದನು. ಎಲ್ಲಿಯೂ ಯಾರೂ ಏನೂ ಹೇಳಲಿಲ್ಲ; ಎಲ್ಲೆಲ್ಲಿಯೂ ಹೊಸ ಗೋರಿಗಳಿದ್ದವು.

ಪ್ರಧಾನಿ ಸೋವಿದೇವನು ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದನು. ಆಶ್ಚರ್ಯಪಟ್ಟಂತೆ ನಟಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

"ಕುಳಿತುಕೊಳ್ಳಿ ನಾಯಕರೇ. ಗಿಡುಗನ ನಡುಗಡ್ಡೆಯವರು ನಮ್ಮ ಬಂದರಿನ ಒಂದು ಹಡಗನ್ನಾದರೂ ಮುಟ್ಟಿದ್ದಾರೆಯೇ? ಇಲ್ಲ. ಏಕೆ? ದಂಡೆಯ ಊರುಗಳಲ್ಲಿ ಅವರೇನು ಮಾಡಿದರೂ ನಾವು ಕೇಳುವುದಿಲ್ಲವೆಂದು ನಾನು ಮಾತು ಕೊಟ್ಟಿದ್ದೇನೆ. ಬಂದರು ನಿಂತರೆ ರಾಜ್ಯ ನಿಂತಿತು. ನಾಲ್ಕು ಜೋಪಡಿ ಹೋದರೆ ಮತ್ತೆ ಕಟ್ಟಿಕೊಳ್ಳುತ್ತಾರೆ. ಅಲ್ಲಿ ತೆಂಗಿನ ಗರಿಗೇನು ಬರವೇ?"

"ಹೆತ್ತ ಮಗಳನ್ನು ಯಾವ ಗರಿಯಿಂದ ಕಟ್ಟಿಕೊಳ್ಳಬೇಕು ಸ್ವಾಮಿ?"

"ನೀವು ಅರಸರ ಉಪ್ಪು ತಿಂದವರು."

"ಅದಕ್ಕೇ ಕೇಳುತ್ತಿದ್ದೇನೆ."

"ಹಾಗಾದರೆ ಅರಸರ ನೆಮ್ಮದಿಯನ್ನು ಕಾಯಿರಿ," ಎಂದು ಪ್ರಧಾನಿಯು ಎದ್ದನು. "ಸಂಜೆಯಾಗುತ್ತಿದೆ. ನಿಮ್ಮ ಗೋಪುರ ಕಾಯುತ್ತಿದೆ."

ಆ ಸಂಜೆಯೂ ನಗರವು ಮಾತು ನಿಲ್ಲಿಸಿ ನಿಂತಿತು. ತೆಂಕಣದಿಂದ ದನಿಗಳು ಒಂದೊಂದಾಗಿ ಬಂದವು. ಗೋಪುರದ ಕೆಳಗಿನ ಊರಿನ ಶಂಖವೂ ಮುಗಿಯಿತು. ಜನ ಕಾದರು. ದೇರಣ್ಣನು ಶಂಖವನ್ನು ಕೈಯಲ್ಲಿ ಹಿಡಿದಿದ್ದನು, ತುಟಿಗೆ ತರಲಿಲ್ಲ. ಕತ್ತಲೆ ಇಳಿಯಿತು. ಮೊದಲು ಬಂದರಿನಲ್ಲಿ ಯಾರೋ ಕೂಗಿದರು, ಬಳಿಕ ಅಂಗಡಿಗಳ ಬಾಗಿಲು ದಡದಡನೆ ಮುಚ್ಚಿಕೊಂಡವು, ಹೆಂಗಸರು ಮಕ್ಕಳ ಹೆಸರು ಹಿಡಿದು ಅರಚುತ್ತ ಬೀದಿಗಿಳಿದರು. ಭಯವೆಂದರೇನೆಂಬುದನ್ನು ಮರೆತಿದ್ದ ನಗರವು ಒಂದೇ ಗಳಿಗೆಯಲ್ಲಿ ಅದನ್ನು ಕಲಿಯಿತು.

ಓಲಗದಲ್ಲಿ ಅರಸನ ಕಣ್ಣು ಕೆಂಪಾಗಿತ್ತು. "ಎಲ್ಲ ಊರೂ ಊದಿದ ಮೇಲೆ ನೀನೇಕೆ ಊದಲಿಲ್ಲ, ನಾಯಕ?"

"ಮಹಾಪ್ರಭು, ಊರುಗಳು ಸುಳ್ಳು ಊದಿದವು. ಆ ಸುಳ್ಳು ನನ್ನ ಬಾಯಿಯಿಂದ ತಮ್ಮ ಕಿವಿಗೆ ಬೀಳಬಾರದೆಂದು ಸುಮ್ಮನಾದೆ." ಕೊನೆಯಳಿವೆಯಲ್ಲಿ ಕಂಡದ್ದನ್ನೆಲ್ಲ ಅವನು ಹೇಳಿದನು.

"ಅಲ್ಲಿ ಬೆಂಕಿ ಬಿದ್ದದ್ದು ನಿಜ, ಪ್ರಭು," ಎಂದನು ಸೋವಿದೇವ. "ಒಲೆಯ ಕಿಡಿ. ದರೋಡೆಯಾಗಿದ್ದರೆ ಊರಿನವರೇ ಶಂಖ ಊದದೆ ಸುಮ್ಮನಿರುತ್ತಿರಲಿಲ್ಲವೇ? ಅವರಿಗಿಂತ ಇವರಿಗೇ ಹೆಚ್ಚು ತಿಳಿಯಿತೇ?"

ಸಭೆಯಲ್ಲಿ ಕೆಲವರು ನಕ್ಕರು. ಅರಸನು ನಗಲಿಲ್ಲ. ಅವನ ಮನಸ್ಸಿನಲ್ಲಿ ಏನೋ ಕೊರೆಯತೊಡಗಿತ್ತು. ಆದರೆ ಪ್ರತಿ ಸಂಜೆ ಕೇಳಿದ ಆ ಇಂಪಾದ ದನಿಯನ್ನು ಸುಳ್ಳೆಂದು ಒಪ್ಪಲು ಯಾವ ಅರಸನಿಗೆ ಮನಸ್ಸು ಬಂದೀತು?

"ಇದನ್ನು ಹೇಗೆ ತಿಳಿಯಬೇಕು?" ಎಂದನು.

"ಹೊಣೆಗೆ ಕಟ್ಟಳೆಯಲ್ಲಿ ಜಾಗವಿದೆ, ಪ್ರಭು," ಎಂದನು ದೇರಣ್ಣ. "ಒಬ್ಬನ ಶಿಕ್ಷೆಯನ್ನು ಇನ್ನೊಬ್ಬ ಹೊರಬಹುದು. ದಂಡೆಯುದ್ದಕ್ಕೂ ಡಂಗುರ ಹೊಡೆಸಿರಿ: ದಾಳಿಯನ್ನು ಮುಚ್ಚಿಟ್ಟ ಊರು ನಾಳೆ ಸಂಜೆ ಊದದಿರಲಿ; ಯಾವ ಊರು ಸುಮ್ಮನಿದ್ದರೂ ಅದರ ಶಿಕ್ಷೆ ದೇರಣ್ಣನ ತಲೆಗೆ, ಊರಿನವರ ಕೂದಲು ಕೊಂಕುವುದಿಲ್ಲ ಎಂದು. ಆಮೇಲೆ ತಾವೇ ಕಿವಿಗೊಡಿ."

ಸೋವಿದೇವನು ಮನಸ್ಸಿನಲ್ಲಿಯೇ ತೂಗಿ ನೋಡಿದನು. ಊರುಗಳು ಊದಿದರೆ ಈತ ಸುಳ್ಳುಗಾರನಾಗಿ ಸಾಯುವನು. ಊದದಿದ್ದರೆ ಪಡೆ ಹೋಗುವುದು, ಕಳ್ಳರು ಅಲ್ಲಿರುವುದಿಲ್ಲ, ಆಗ ಹೊಣೆ ಹೊತ್ತವನಾಗಿ ಸಾಯುವನು. "ಆಗಲಿ ಪ್ರಭು," ಎಂದನು. ಅದೇ ಲೆಕ್ಕವನ್ನು ದೇರಣ್ಣನೂ ಹಾಕಿದ್ದನೆಂಬುದು ಅವನ ಮುಖದಿಂದ ಯಾರಿಗೂ ತಿಳಿಯಲಿಲ್ಲ.

ಡಂಗುರದವರು ಕುದುರೆಯ ಮೇಲೆ ಹೊರಟು ಕೊನೆಯಳಿವೆಯವರೆಗೂ ಸಾರಿದರು.

ಮರುದಿನ ಸಂಜೆ ಮಾರದೇವರಸನು ಉಪ್ಪರಿಗೆಗೆ ಬಂದಾಗ ಸೂರ್ಯಬಿಂಬವಿನ್ನೂ ನೀರು ಮುಟ್ಟಿರಲಿಲ್ಲ. ಮುಟ್ಟಿತು. ಮುಳುಗಿತು. ತೆಂಕಣದಿಂದ ಗಾಳಿ ಬಂತು, ಕೊಕ್ಕರೆಗಳು ಬಂದವು, ದನಿ ಬರಲಿಲ್ಲ. ಕೊನೆಯಳಿವೆ ಊದಲಿಲ್ಲ. ಅದರ ಇತ್ತಣದ್ದೂ ಇಲ್ಲ. ಹತ್ತಿರದ, ಕೂಗಿದರೆ ಕೇಳುವಷ್ಟು ಹತ್ತಿರದ ಊರೂ ಇಲ್ಲ. ಒಂದು ಊರು ಸುಮ್ಮನಿದ್ದರೂ ಅರಸನು ನಡುಗುತ್ತಿದ್ದನೇನೋ. ಇಡೀ ದಂಡೆಗೆ ದಂಡೆಯೇ ಬಾಯಿ ಮುಚ್ಚಿತ್ತು. ಅವನು ಗೋಡೆಗೆ ಕೈಯೂರಿದನು.

"ಇಷ್ಟೊಂದು ಊರುಗಳೇ?" ಎಂದನು ತನ್ನಷ್ಟಕ್ಕೆ.

ಕುದುರೆಪಡೆ ತೆಂಕಣಕ್ಕೆ ಓಡಿತು. ಅರಸನು ಅದರ ಸುದ್ದಿಗೆ ಕಾಯದೆ ನೌಕಾಪಡೆಯನ್ನು ಸಜ್ಜುಗೊಳಿಸಿ ತಾನೇ ಹಡಗನ್ನೇರಿದನು. ಹೊರಡುವ ಮುನ್ನ ದೇರಣ್ಣನ ಭುಜ ಹಿಡಿದು, "ನಾನು ಬರುವವರೆಗೆ ಇವರನ್ನು ಮನ್ನಣೆಯಿಂದ ನೋಡಿಕೊಳ್ಳಿ," ಎಂದು ಪ್ರಧಾನಿಗೆ ಹೇಳಿದನು. ಆತುರದಲ್ಲಿದ್ದ ಅರಸನು ಮಾಡಿದ ತಪ್ಪು ಅದೊಂದೇ: ಮನ್ನಣೆ ಎಂದನು, ಮಾಫಿ ಎನ್ನಲಿಲ್ಲ.

ಪಡೆ ಹಿಂದಿರುಗಿತು. ಸುಟ್ಟ ಊರುಗಳನ್ನು ಕಂಡೆವೆಂದು ದಳಪತಿ ಅಳುತ್ತ ಹೇಳಿದನು. "ಕಳ್ಳರು ಸಿಕ್ಕರೇ?" ಎಂದು ಸೋವಿದೇವ ಕೇಳಿದನು. ಸಿಕ್ಕಿರಲಿಲ್ಲ. "ಕಟ್ಟಳೆಯು ಅಷ್ಟನ್ನೇ ಕೇಳುತ್ತದೆ," ಎಂದನು ಪ್ರಧಾನಿ.

ದೇರಣ್ಣನನ್ನು ಬಂದರಿನ ಬಯಲಿಗೆ ಕರೆತಂದರು. ದಳಪತಿಯು ಅವನ ಕಿವಿಯಲ್ಲಿ, "ಹಿಂದಿನ ಬಾಗಿಲು ತೆರೆದಿದೆ, ಕುದುರೆ ಕಟ್ಟಿದ್ದೇನೆ, ಹೋಗಿಬಿಡು ಮಾರಾಯ," ಎಂದನು.

"ನಾನು ಹೋದರೆ ಕುಪ್ಪಣ್ಣನ ತಲೆ ಕೇಳುತ್ತಾರೆ," ಎಂದನು ದೇರಣ್ಣ. "ಒಂದು ಊರಿನದಲ್ಲ, ಎಲ್ಲ ಊರಿನವರದ್ದು. ಗಾಳಿ ಎತ್ತಣಿಂದ ಬೀಸುತ್ತಿದೆ ನೋಡು."

"ಪಡುವಣದಿಂದ."

"ಹಾಗಾದರೆ ಮಾರುವ ಹಡಗು ಇನ್ನೂ ಹೊರಟಿಲ್ಲ," ಎಂದು ಹೇಳಿ ಅವನು ಮೊಣಕಾಲೂರಿದನು.

ಅರಸನು ಗೆದ್ದು ಬಂದನು. ಗಿಡುಗನ ನಡುಗಡ್ಡೆ ಉರಿಯುತ್ತಿತ್ತು. ಹಡಗುಗಳ ತುಂಬ ಬಿಡುಗಡೆಯಾದ ಹೆಂಗಸರು, ಮಕ್ಕಳು. ದಂಡೆಯ ಜನ ತಮ್ಮವರನ್ನು ಹುಡುಕುತ್ತ ಕಡವಿನಕೋಟೆಗೆ ಬಂದು ನೆರೆದಿದ್ದರು. ಸುಬ್ಬಿ ಇಳಿದಳು. ದುಗ್ಗಮ್ಮ ಅವಳ ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಆಮೇಲೆ ಸುತ್ತ ನೋಡಿ, "ನಮ್ಮ ಹೊಣೆ ಹೊತ್ತ ಒಡೆಯರೆಲ್ಲಿ?" ಎಂದಳು.

ದಳಪತಿಯು ಬಂದರಿನ ಬಯಲಿನಲ್ಲಿ ಆರಿದ ಚಿತೆಯತ್ತ ಕೈ ತೋರಿಸಿದನು. ಅರಸನೂ ಆಗಲೇ ತಿಳಿದುಕೊಂಡದ್ದು.

ಸೋವಿದೇವನು ಓಡಲಿಲ್ಲ, ಬೇಡಲಿಲ್ಲ. "ಕಟ್ಟಳೆಯಂತೆ ನಡೆದೆ," ಎಂದನು.

"ಕಟ್ಟಳೆ ನಿನ್ನದು!" ಅರಸನ ದನಿ ಒಡೆಯಿತು. "ಇಂದಿನಿಂದ ಅದಿಲ್ಲ. ನಿನ್ನನ್ನು ಕೊಲ್ಲುವುದಿಲ್ಲ. ಹೆಂಡತಿ ಮಕ್ಕಳೊಡನೆ ಕೊನೆಯಳಿವೆಯ ಗುಡಿಸಲಲ್ಲಿ ಬದುಕು, ಕಾವಲಿಲ್ಲದೆ."

"ಬ್ಯಾಡ ಒಡೆಯಾ," ಎಂದಳು ದುಗ್ಗಮ್ಮ. ಎಲ್ಲರೂ ಅವಳತ್ತ ತಿರುಗಿದರು. "ಕೆಟ್ಟದ್ದೆಲ್ಲ ನಮ್ಮ ಕಡೆಗೇ ಯಾಕೆ ಕಳಿಸ್ತ್ರಿ? ಇವರನ್ನ ನೀವೇ ಇಟ್ಕಣಿ, ಸೆರೆಮನೆ ನಿಮ್ಮಲ್ಲೇ ಇದೆಯಲ್ಲ. ನಮಗೆ ಆ ಒಡೆಯರ ಬೂದಿ ಕೊಡಿ, ಸಾಕು. ನಮ್ಮ ಅಳಿವೆಯಲ್ಲಿ ಬಿಡ್ತೇವೆ."

ಸೋವಿದೇವನನ್ನು ಸೆರೆಮನೆಗೆ ಒಯ್ದರು. ಬೂದಿಯ ಗಡಿಗೆಯನ್ನು ಅರಸನೇ ಮಡಿಲಲ್ಲಿಟ್ಟುಕೊಂಡು ದುಗ್ಗಮ್ಮನೂ ಸುಬ್ಬಿಯೂ ಕುಳಿತಿದ್ದ ದೋಣಿಯಲ್ಲಿ ಹೊರಟನು. ಹಿಂದೆ ಕೆಲವು ಭಟರು ಇನ್ನೊಂದು ದೋಣಿಯಲ್ಲಿದ್ದರು. ಕೊನೆಯಳಿವೆ ಕಾಣಿಸಿತು. ಬಿಡುಗಡೆಯಾಗಿ ಮುಂಚೆಯೇ ಊರಿಗೆ ಮರಳಿ ದಂಡೆಯ ಮೇಲೆ ಬಲೆ ಹರಡುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಕತ್ತಿಗಳ ಹೊಳಪು ಕಂಡದ್ದೇ ತಡ, ಬಲೆಯನ್ನು ಅಲ್ಲಿಯೇ ಬಿಸಾಡಿ, ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ಕೇದಗೆಯ ಹಿಂಡಿಲೊಳಗೆ ಓಡಿಹೋದರು. ಊರು ಬರಿದಾಯಿತು.

"ಅರಸರು ಕಣ್ರೇ! ಬರ್ರೆ ಹೊರಗೆ!" ಎಂದು ದುಗ್ಗಮ್ಮ ಕೂಗಿದಳು. ಹಿಂಡಿಲೊಳಗೆ ಒಂದು ಎಲೆಯೂ ಅಲುಗಲಿಲ್ಲ.

ಅರಸನು ಭಟರ ದೋಣಿಯನ್ನು ಹಿಂದಕ್ಕೆ ಕಳಿಸಿದನು. ತನ್ನ ಸೊಂಟದ ಕತ್ತಿಯನ್ನೂ ಅದರಲ್ಲಿಟ್ಟನು. ಗಡಿಗೆಯನ್ನು ಎದೆಗವಚಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಡೆದುಬಂದು, ಬಿಸಿ ಮರಳಿನ ಮೇಲೆ ಕುಳಿತನು. ಅವರು ತಾವಾಗಿ ಹೊರಗೆ ಬರಲೆಂದು ಕಾಯುತ್ತ.