ಖಾಲಿ ಕುರ್ಚಿಗೆ ಬಂದವಳು

"ಬಾಗಿಲು ಹಾಕ್ಕೊಂಡು ಸತ್ತೋರನ್ನ ಕರೀಬೇಡಪ್ಪ," ಅಂದಳು ಯಾಂಗ್ ಮಲ್ಜಾ. "ಕರೆಯೋದಾದ್ರೆ ಊರೆಲ್ಲ ಮುಂದೆ ಕೂತಿರ್ಬೇಕು. ಅವರು ಕೇಳೋ ಮಾತು ಅಷ್ಟೂ ಜನಕ್ಕೆ ಹಂಚಿ ಹೋಗ್ಬೇಕು. ಕಳಿಸೋ ತನಕ ಏಳಬಾರ್ದು. ನಾನು ಮೂರು ದಿನ ಕೂತಿದ್ದೂ ಉಂಟು."

"ನನಗೆ ಸಿಗೋದು ಐವತ್ತು ನಿಮಿಷ ಅಜ್ಜಿ," ಜಿನ್‌ಸಾಂಗ್ ನಕ್ಕ.

"ಹಂಗಾದ್ರೆ ಗಂಜಿ ಕುಡ್ದು ಸಿಯೋಲ್‌ಗೆ ವಾಪಸ್ ಹೊರಡು."

ಮಲ್ಜಾ ಜೆಜು ದ್ವೀಪದ ಆ ಊರಿನ ಸಿಮ್‌ಬಾಂಗ್. ಕಡಲಲ್ಲಿ ಸತ್ತವರ ಮಾತನ್ನು ತನ್ನ ಬಾಯಲ್ಲಿ ಆಡಿ, ಅವರಿಗೆ ಉಣಬಡಿಸಿ ಕಳಿಸುವವಳು. ಆಪ್ತಸಮಾಲೋಚಕ ಜಿನ್‌ಸಾಂಗ್ ಅವಳ ಮೂರು ಪೂಜೆಗಳನ್ನು ನೋಡಿ ಟಿಪ್ಪಣಿ ಮಾಡಿಕೊಂಡಿದ್ದ. ಸತ್ತವರನ್ನು ಮಾತಾಡಿಸುವುದು ಉಪಯುಕ್ತ, ಉಳಿದದ್ದು ಆಚಾರ ಎಂದು ಬರೆದಿದ್ದ.

ಅವನು ಉಳಿಸಬೇಕಿದ್ದದ್ದು ಸುಂದೊಕ್‌ಳನ್ನು. ಕಡಲಿಗಿಳಿದು ಚಿಪ್ಪು ಹೆಕ್ಕುವ ಐವತ್ತನಾಲ್ಕರ ಮುಳುಗುಗಾರ್ತಿ. ಹನ್ನೊಂದು ವಾರಗಳ ಹಿಂದೆ ಅವಳ ಅತ್ತಿಗೆ ಓಕ್‌ಹ್ವಾ ಎಂಟು ಮೀಟರ್ ಆಳದಲ್ಲಿ ಸತ್ತಿದ್ದಳು. ಬಂಡೆಯ ಚಿಪ್ಪು ಮೀಟುವ ಕಬ್ಬಿಣವನ್ನು ಚಿಪ್ಪು ಕಚ್ಚಿ ಹಿಡಿದಿತ್ತು; ಕಬ್ಬಿಣಕ್ಕೆ ಕಟ್ಟಿದ್ದ ಹಗ್ಗ ಅವಳ ಮಣಿಕಟ್ಟಿನಿಂದ ಬಿಚ್ಚಿಕೊಳ್ಳಲಿಲ್ಲ. ಅಂದಿನಿಂದ ಸುಂದೊಕ್ ಮಾತಾಡಿಲ್ಲ. ಊಟವಿಲ್ಲ, ಗಂಜಿನೀರು ಮಾತ್ರ. ತೂಕ ನಲವತ್ತೊಂದು ಕಿಲೋ. ಚಳಿಗಾಲ ದಾಟುವುದಿಲ್ಲ ಎಂದಿದ್ದರು ವೈದ್ಯರು.

ಹಿಂದಿನ ವಾರ ಅವಳು ಜಿನ್‌ಸಾಂಗ್‌ನ ಪುಸ್ತಕದಲ್ಲಿ ಪೆನ್ಸಿಲಿನಿಂದ ನಾಲ್ಕು ಸಾಲು ಬರೆದಿದ್ದಳು. *ನಾನು ಕೆಳಗೆ ಹೋಗಿದ್ದೆ. ಅವಳ ಕೈ ಸಿಕ್ಕಿತು. ಉಸಿರು ಸಾಲದೆ ಬಿಟ್ಟು ಬಂದೆ. ಮತ್ತೆ ಇಳಿಯಲಿಲ್ಲ.* ಊರಲ್ಲಿ ಇದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡು ಹತ್ತು. ಮುಳುಗುಗಾರ್ತಿಯರು ಬಟ್ಟೆ ಬದಲಿಸುವ ಕಟ್ಟಡದ ಹಿಂಕೋಣೆ. ಒದ್ದೆ ರಬ್ಬರು, ಪಾಚಿ, ಸೀಮೆಎಣ್ಣೆಯ ವಾಸನೆ. ಗೋಡೆಯ ಮೊಳೆಗಳಲ್ಲಿ ಕಬ್ಬಿಣಗಳು ಸಾಲಾಗಿ ನೇತಾಡುತ್ತಿದ್ದವು. ಕಿಟಕಿಗೆ ಮಂಜು ಅಡರಿತ್ತು. ಜಿನ್‌ಸಾಂಗ್ ಸುಂದೊಕ್‌ಳನ್ನು ಕೂರಿಸಿ, ಎದುರು ಖಾಲಿ ಕುರ್ಚಿ ಇಟ್ಟು, ಬಾಗಿಲ ಚಿಲಕ ಹಾಕಿದ.

"ಎದುರಿನ ಕುರ್ಚೀಲಿ ಅತ್ತಿಗೆ ಇದಾರೆ ಅಂದ್ಕೊಳ್ಳಿ. ಈಗ ನೀವೇ ಅಲ್ಲಿ ಹೋಗಿ ಕೂತ್ಕೊಳ್ಳಿ. ಅವರು ಏನಂತಾರೋ ಅದನ್ನ ಹೇಳಿ."

ಅವಳು ಎದ್ದು ಹೋಗಿ ಕುಳಿತಳು. ಆಮೇಲೆ ಗಂಟಲಿನಿಂದ ಉದ್ದನೆಯ ಸಿಳ್ಳೆ ಹೊರಟಿತು, ನೀರಿನಿಂದ ಮೇಲೆ ಬಂದವರು ಬಿಡುವ ಉಸಿರಿನ ಸಿಳ್ಳೆ.

"ಚಳಿ," ಅಂದಿತು ದಪ್ಪ ದನಿ. "ಕೆಳಗೆ ಬಹಳ ಚಳಿ ಕಣೋ."

ಜಿನ್‌ಸಾಂಗ್‌ನಿಗೆ ರೋಮಾಂಚನವಾಯಿತು. ಮಾತು ಬಂದಿತ್ತು! ಅವನು ಕೇಳಿದ, ದನಿ ಹೇಳಿತು. ಕೆಸರು ನೀರು. ಕುರುಡು ಕತ್ತಲೆ. ಬಿಗಿಯುವ ಹಗ್ಗ. ಕೊನೆಗೆ ಯಾರದೋ ಕೈ.

ಗಡಿಯಾರ ಮೂರು ಗಂಟೆ ತೋರಿಸಿತು. ಹೊರಗೆ ಮುಂದಿನವರು ಕಾಯುತ್ತಿದ್ದರು.

"ಇವತ್ತಿಗೆ ಇಲ್ಲಿಗೆ ನಿಲ್ಸೋಣ. ಉಳಿದಿದ್ದು ಬರೋ ಗುರುವಾರ."

"ನೀನೂ ಬಿಟ್ಟು ಹೋಗ್ತೀಯಾ?"

ಅವಳು ಎದ್ದದ್ದು ಕಾಣಲಿಲ್ಲ. ಮೊಳೆ ಕಿತ್ತ ಸದ್ದು ಮಾತ್ರ ಕೇಳಿತು. ಕಬ್ಬಿಣ ಅವನ ಭುಜದ ಮೂಳೆ ಮುರಿಯಿತು. ನೆಲಕ್ಕೆ ಬಿದ್ದ. ನಲವತ್ತೊಂದು ಕಿಲೋದ ಮೈ ಎದೆಯ ಮೇಲೆ ಬಂಡೆಯಂತೆ ಕೂತಿತು. ಅವಳ ಬಾಯಿಂದ ಉಪ್ಪುನೀರು ಸುರಿಯಿತು. ಅವನ ಮೂಗಿಗೆ. ಬಾಯಿಗೆ. ಉಸಿರಿಲ್ಲ.

"ಆ ಕೈ ಯಾರದು? ಹಿಡ್ಕೊಂಡು ಬಿಟ್ಟಿದ್ದು ಯಾರು? ನಿಂಗೊತ್ತು. ಬೊಗಳು."

ಕಬ್ಬಿಣದ ಮೊನೆ ಕೆಳದವಡೆಗೆ ಇಳಿಯಿತು. ಹೊರಗೆ ಯಾರೋ ಬಾಗಿಲು ಬಡಿದರು. ಚಿಲಕ ಅಲುಗಲಿಲ್ಲ. ಬಾಯಲ್ಲಿ ರಕ್ತದ ರುಚಿ. ಕಣ್ಣು ಕತ್ತಲಿಟ್ಟಿತು.

"ಸುಂದೊಕ್!" ಅವನು ನೀರು ಉಗುಳಿ ಕೂಗಿದ. "ಸುಂದೊಕ್‌ದು! ನೀನೀಗ ಆಡಿಸ್ತಿರೋ ಕೈಯೇ ಅದು!"

ಕಬ್ಬಿಣ ನಿಂತಿತು. ಅವಳು ತನ್ನ ಬಲಗೈಯನ್ನು ಹೊರಳಿಸಿ ಹೊರಳಿಸಿ ನೋಡಿದಳು. ಕಬ್ಬಿಣವನ್ನು ಎಡಗೈಗೆ ಬದಲಿಸಿದಳು. ಬಲಗೈಯನ್ನು ಸಿಮೆಂಟು ನೆಲದ ಮೇಲೆ ಚಾಚಿದಳು.

ಮೊದಲ ಏಟಿಗೆ ಬೆರಳು. ಎರಡನೆಯದಕ್ಕೆ ಮಣಿಕಟ್ಟು. ಮೂರು. ನಾಲ್ಕು. ಕೂಗಿಲ್ಲ. ಒದ್ದೆ ಸದ್ದು ಅಷ್ಟೇ. ಏಳನೆಯ ಏಟಿಗೆ ಕೈ ಬೇರೆಯಾಯಿತು. ಸಿಳ್ಳೆ ಮತ್ತೊಮ್ಮೆ ಹೊರಟು ಕಿಟಕಿಯ ಕಡೆ ಸರಿದು ನಿಂತುಹೋಯಿತು.

ಬಾಗಿಲು ಮುರಿದು ಜನ ಒಳಗೆ ನುಗ್ಗಿದರು. ರಕ್ತದ ನಡುವೆ ಕುಳಿತಿದ್ದ ಸುಂದೊಕ್ ಬಿಳಿಚಿಕೊಂಡ ಮುಖ ಎತ್ತಿದಳು. ಹನ್ನೊಂದು ವಾರಗಳ ಮೇಲೆ ಬಂದ ಅವಳದೇ ತೆಳು ದನಿ, ಜಿನ್‌ಸಾಂಗ್‌ನನ್ನೇ ನೋಡುತ್ತ:

"ಅವಳಿಗೆ ಯಾಕೆ ಹೇಳಿದ್ರಿ ಡಾಕ್ಟ್ರೇ? ನಿಮ್ಮೊಬ್ಬರನ್ನ ನಂಬಿ ಬರೆದಿದ್ದೆ."

ಅವಳು ಮತ್ತೆ ಉಸಿರು ಎಳೆದುಕೊಳ್ಳಲಿಲ್ಲ.